ಅಪ್ಪನ ಸಂಖ್ಯೆ ಮತ್ತು ತಮ್ಮನ ಹೆಂಡತಿ

ಹೆಂಗಸರಿಗೆ ಹೊಟ್ಟೆಕಿಚ್ಚು ಬರಬೇಕಾದರೆ ಸೀರೆ ಇರಬೇಕು, ಸೈಟು ಇರಬೇಕು, ಇಲ್ಲವೇ ಪಕ್ಕದ ಮನೆಯವಳ ಮೂಗುತಿ ಇರಬೇಕು ಎಂದುಕೊಂಡವರನ್ನು ಕಂಡರೆ ನನಗೆ ನಗು ಬರುತ್ತದೆ. ನನಗೆ ಹೊಟ್ಟೆಕಿಚ್ಚು ಬಂದದ್ದು ಒಂದು ಸಂಖ್ಯೆಯ ವಿಷಯಕ್ಕೆ. ಹನ್ನೆರಡು ಕೋಟಿ ಮೂವತ್ತನಾಲ್ಕು ಲಕ್ಷ ಐವತ್ತಾರು ಸಾವಿರದ ಏಳುನೂರ ಎಂಬತ್ತೊಂಬತ್ತು. ಹೀಗೆ ಅಕ್ಷರದಲ್ಲಿ ಹೇಳಿದರೆ ಬೆದರಿಸುವ ಹಾಗಿದೆ, ಅಂಕಿಯಲ್ಲಿ ಬರೆದರೆ ಒಂದನೇ ಕ್ಲಾಸಿನ ಮಗುವೂ ಓದುತ್ತದೆ: 123456789. ಈ ಸಂಖ್ಯೆ ನನ್ನದು ಎಂದು ನಾನು ತಿಳಿದಿದ್ದೆ. ನನ್ನದು ಮತ್ತು ಅಪ್ಪನದು. ನಮ್ಮಿಬ್ಬರ ನಡುವೆ ತಮ್ಮನ ಹೆಂಡತಿ ಬಂದು ನಿಂತಳು.

ಅಪ್ಪ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಸಿದ್ಧಾರ್ಥನಗರದ ಮನೆಯಲ್ಲಿ ಅವರು, ಅಮ್ಮ, ತಮ್ಮ, ತಮ್ಮನ ಹೆಂಡತಿ ಇದ್ದಾರೆ. ನಾನಿರುವುದು ಬೋಗಾದಿಯಲ್ಲಿ, ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೇಡಂ ಎನ್ನುವುದಕ್ಕಿಂತ ಮೇಷ್ಟ್ರು ಎನ್ನುವುದೇ ನನ್ನ ಗಂಟಲಿಗೆ ಸರಿಹೊಂದುತ್ತದೆ. ಈ ಎರಡು ಮನೆಗಳ ನಡುವೆ ಇಡೀ ಊರು ಮಲಗಿದೆ. ಸ್ಕೂಟರಿನಲ್ಲಿ ಹೊರಟರೆ ಅರಮನೆಯ ಹತ್ತಿರದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಹೊರ ಊರಿನಿಂದ ಬಂದ ಕಾರುಗಳಿಗೆ ಶಾಪ ಹಾಕಿಕೊಂಡು ಹೋಗಬೇಕು.

ನಾನು ಚಿಕ್ಕವಳಿದ್ದಾಗ ಅಪ್ಪ ಕತೆ ಹೇಳಿದವರಲ್ಲ. ಮುಗಿದ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ಹರಿದು, ಬೆನ್ನಿನ ಬಿಳಿ ಜಾಗದಲ್ಲಿ ಈ ಸಂಖ್ಯೆ ಬರೆದು, "ಎಂಟರಿಂದ ಗುಣಿಸು, ಒಂಬತ್ತು ಕೂಡು" ಎಂದಿದ್ದರು. ನಾಲಿಗೆ ಹೊರಗೆ ಹಾಕಿಕೊಂಡು ಗುಣಿಸಿದೆ, ಕೂಡಿದೆ. ಬಂದದ್ದು 987654321. ಇದ್ದ ಸಂಖ್ಯೆಯೇ ತಲೆಕೆಳಗಾಗಿ ನಿಂತುಬಿಟ್ಟಿತ್ತು. ನಾನು ಮನೆಯೆಲ್ಲ ಓಡಾಡಿ ಎಲ್ಲರಿಗೂ ತೋರಿಸಿದೆ. ಅಮ್ಮ ನೋಡದೆಯೇ "ಚೆನ್ನಾಗಿದೆ, ಕೈ ತೊಳ್ಕೊ" ಎಂದಳು. ಅಪ್ಪ ಮಾತ್ರ ಏನೋ ಗುಟ್ಟು ಒಪ್ಪಿಸಿದವರ ಹಾಗೆ ನನ್ನನ್ನು ನೋಡಿ ನಕ್ಕಿದ್ದರು. ಆ ನಗುವನ್ನು ಅವರು ತಮ್ಮನಿಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. ತಮ್ಮನಿಗೆ ಲೆಕ್ಕ ಎಂದರೆ ಜ್ವರ ಬರುತ್ತಿತ್ತು, ಅದು ನನ್ನ ಪುಣ್ಯ.

ಮದುವೆಯಾಯಿತು, ಕೆಲಸ ಹಿಡಿದೆ. ಶನಿವಾರ ಪೇಪರ್ ತಿದ್ದುವುದು, ಭಾನುವಾರ ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ. ಅಪ್ಪನ ಮನೆಗೆ ಹೋಗುವುದು ಹಬ್ಬಕ್ಕೆ, ಇಲ್ಲವೇ ಯಾರಿಗಾದರೂ ಮೈ ಸರಿಯಿಲ್ಲದಾಗ ಎಂಬಂತಾಗಿತ್ತು. ಹೋದರೂ ಅಪ್ಪನ ಜೊತೆ ಮಾತು ಹೆಚ್ಚು ಇರುತ್ತಿರಲಿಲ್ಲ. "ಊಟ ಆಯ್ತಾ?" ಎನ್ನುವರು. ಆಯಿತು ಎಂದರೆ ಮಾತೂ ಆಯಿತು. ಅಂಥ ಕಾಲದಲ್ಲಿ ಒಂದು ದಿನ ಅವರೇ ಫೋನ್ ಮಾಡಿದರು. ಫೋನ್ ಎಂದರೆ ಮಾರು ದೂರ ನಿಲ್ಲುವ ಮನುಷ್ಯ!

"ಆ ಹಳೇ ಸಂಖ್ಯೆ ಇದೆಯಲ್ಲಮ್ಮ, ಒಂದರಿಂದ ಒಂಬತ್ತು. ಅದರ ಅಂಕಿಗಳನ್ನ ಕೂಡಿದ್ರೆ ನಲವತ್ತೈದು, ಅದಕ್ಕೇ ಒಂಬತ್ತಕ್ಕೆ ಭಾಗ ಹೋಗುತ್ತೆ. ಹೋದ್ಮೇಲೆ ಒಂದು ಕೋಟಿ ಮೂವತ್ತೇಳು ಲಕ್ಷ ಹದಿನೇಳು ಸಾವಿರದ ನಾನೂರ ಇಪ್ಪತ್ತೊಂದು ಉಳೀತದೆ. ಅದು ಮುಂದಕ್ಕೆ ಮುರಿಯುತ್ತೋ ಇಲ್ವೋ ನೋಡ್ಬೇಕು. ನನ್ನೊಬ್ಬನ ಕೈಲಿ ಆಗೋ ಕೆಲಸ ಅಲ್ಲ ಕಣಮ್ಮ. ಭಾನುವಾರ ಬಾ."

ಮುರಿಯುವುದು ಎಂದರೆ ಏನು ಎಂದು ಗಣಿತ ಮರೆತವರಿಗೆ ಹೇಳಿಬಿಡುತ್ತೇನೆ. ಹದಿನೈದು ಎಂಬುದು ಮೂರು ಮತ್ತು ಐದರ ಗುಣಲಬ್ಧವಾಗಿ ಮುರಿಯುತ್ತದೆ. ಹದಿನೇಳು ಮುರಿಯುವುದಿಲ್ಲ, ಅದು ಅವಿಭಾಜ್ಯ. ಅಪ್ಪನ 13717421 ಮುರಿಯುತ್ತದೋ ಇಲ್ಲವೋ ತಿಳಿಯಬೇಕಾದರೆ ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದಾಗಿ ಹಿಡಿದು ಭಾಗಿಸುತ್ತ ಹೋಗಬೇಕು. ಏಳು, ಹನ್ನೊಂದು, ಹದಿಮೂರು ಎಂದು ಹೊರಟು, ಅದರ ವರ್ಗಮೂಲವಾದ ಮೂರು ಸಾವಿರದ ಏಳುನೂರ ಮೂರರ ಹತ್ತಿರ ಮುಟ್ಟುವ ತನಕ. ಹಾಗೆ ಭಾಗಿಸಬೇಕಾದವು ಐನೂರಕ್ಕೂ ಹೆಚ್ಚು. ಫೋನಿಗೆ ಕೊಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತದೆ. ಅದಕ್ಕೇ ಅಪ್ಪ ಮೊದಲ ದಿನವೇ ಕಟ್ಟಪ್ಪಣೆ ಮಾಡಿದರು: ಫೋನು ಮುಟ್ಟಕೂಡದು, ಕ್ಯಾಲ್ಕುಲೇಟರ್ ಮುಟ್ಟಕೂಡದು, ಕೈಯಲ್ಲೇ ಆಗಬೇಕು.

ವಿಶೇಷ ತರಗತಿಯನ್ನು ಶನಿವಾರಕ್ಕೆ ಹಾಕಿಕೊಂಡೆ, ಹೀಗೆ ನಮ್ಮ ಭಾನುವಾರಗಳು ಶುರುವಾದವು. ನಾನು ಹೋಗುವ ಹೊತ್ತಿಗೆ ಅಪ್ಪ ಸ್ನಾನ ಮುಗಿಸಿ, ವಿಭೂತಿ ಇಟ್ಟು, ಇಸ್ತ್ರಿ ಮಾಡಿದ ಶರಟು ತೊಟ್ಟು ಊಟದ ಮೇಜಿನ ಮುಂದೆ ಕೂತಿರುತ್ತಿದ್ದರು. ಕ್ಯಾಲೆಂಡರ್ ಹಾಳೆ ಅಂಗಾತ ಮಲಗಿರುತ್ತಿತ್ತು. ಒಂದು ಭಾಗಾಕಾರ ಅವರದು, ಒಂದು ನನ್ನದು. ಅವರದಕ್ಕೆ ನಾನು ತಾಳೆ ನೋಡಬೇಕು, ನನ್ನದಕ್ಕೆ ಅವರು. ತಾಳೆ ನೋಡುವುದೆಂದರೆ ಬಂದ ಉತ್ತರವನ್ನು ತಿರುಗಿ ಗುಣಿಸಿ, ಶೇಷ ಕೂಡಿಸಿ, ಮೂಲ ಸಂಖ್ಯೆ ಬರುತ್ತದೆಯೇ ಎಂದು ಪರೀಕ್ಷಿಸುವುದು. ಅಪ್ಪನಿಗೆ ಅದು ಪೂಜೆಯಷ್ಟೇ ಮುಖ್ಯ. ಡಾಕ್ಟರು ಬಿ.ಪಿ. ನೋಡಿ ಸರಿಯಾಗಿದೆ ಎಂದರೂ "ಇನ್ನೊಂದ್ಸಲ ನೋಡಿ" ಎನ್ನುವ ಮನುಷ್ಯ ಅವರು.

ಏಳರಿಂದ ಭಾಗಿಸಿದರೆ ಶೇಷ ನಾಲ್ಕು. ಹದಿನೇಳರಿಂದ ಭಾಗಿಸಿದಾಗ ಶೇಷ ಎರಡು. ಅವತ್ತು ನಾವಿಬ್ಬರೂ ಮೇಜಿನ ಮೇಲೆ ಬಾಗಿ ಕೂತಿದ್ದೆವು, ಇನ್ನೇನು ಸಿಕ್ಕೇ ಸಿಕ್ಕಿತು ಎಂಬಂತೆ. "ತಪ್ಪಿಸ್ಕೊಂಡ್ಬುಡ್ತು ಕಣಮ್ಮ" ಎಂದು ಅಪ್ಪ ತೊಡೆ ತಟ್ಟಿಕೊಂಡರು. ನೂರಾ ಒಂದಕ್ಕೆ ಶೇಷ ಐದು. ಹೀಗೆ ವಾರಕ್ಕೆ ನಾಲ್ಕೋ ಐದೋ. ಅದಕ್ಕಿಂತ ಹೆಚ್ಚು ಮಾಡಲು ಅಪ್ಪ ಬಿಡುತ್ತಿರಲಿಲ್ಲ. "ಅವಸರ ಯಾಕೆ, ಸಂಖ್ಯೆ ಎಲ್ಲಿಗೂ ಓಡಿ ಹೋಗಲ್ಲ" ಎನ್ನುವರು.

ಭಾಗಾಕಾರದ ನಡುವೆ ಅಪ್ಪ ಮಾತಾಡುತ್ತಿದ್ದರು. ಇದನ್ನು ನಾನು ಸ್ವಲ್ಪ ತಡವಾಗಿ ಗಮನಿಸಿದೆ. ಕಣ್ಣು ಕಾಗದದ ಮೇಲಿದ್ದರೆ ಅವರ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಮೊದಲ ಸಲ ಪಾಠ ಮಾಡಲು ನಿಂತಾಗ ಸೀಮೆಸುಣ್ಣ ಬೀಳಿಸಿದ್ದು, ಅಜ್ಜಿ ಸತ್ತ ದಿನ ಅಳಲು ಬಾರದೆ ಹಿತ್ತಲಿಗೆ ಹೋಗಿ ನಿಂತದ್ದು, ನನ್ನನ್ನು ಮದುವೆ ಮಾಡಿ ಕಳಿಸಿದ ಮೇಲೆ ಒಂದು ವಾರ ನನ್ನ ಮೇಜಿನ ಧೂಳು ಒರೆಸಲು ಅಮ್ಮನಿಗೆ ಬಿಡದೆ ಇದ್ದದ್ದು. ಇದೆಲ್ಲ ಸಾವಿರದ ಆಸುಪಾಸಿನ ಅವಿಭಾಜ್ಯಗಳ ನಡುವೆ ನನಗೆ ತಿಳಿದದ್ದು. ಹೇಳುತ್ತ ಹೇಳುತ್ತ "ಒಂದು ಇಳಿಸ್ಕೊ" ಎನ್ನುವರು, ನಾನು ಒಂದು ಇಳಿಸಿಕೊಳ್ಳುತ್ತಿದ್ದೆ. ಇಷ್ಟು ಸುಖ ನನಗೆ ಬೇರೆಲ್ಲೂ ಇರಲಿಲ್ಲ. ಎಷ್ಟು ಮಳೆ ಬಂದರೂ, ಎಷ್ಟು ಪೇಪರ್ ಬಾಕಿ ಇದ್ದರೂ ಸ್ಕೂಟರ್ ಹತ್ತುತ್ತಿದ್ದೆ.

ತಮ್ಮನ ಮದುವೆಯಾದದ್ದು ನಾವು ಭಾಗಿಸುತ್ತ ಭಾಗಿಸುತ್ತ ಸಾವಿರದ ಒಂಬೈನೂರರ ಹತ್ತಿರ ಬಂದಿದ್ದಾಗ. ಹುಡುಗಿ ಗಣಿತದಲ್ಲಿ ಎಂ.ಎಸ್ಸಿ. ನಮ್ಮೂರಿನದೇ ಹೆಬ್ಬಾಳದ ಒಂದು ಕಂಪನಿಯಲ್ಲಿ ಶಿಫ್ಟಿನ ಕೆಲಸ, ಕಂಪನಿ ಬಸ್ಸಿನಲ್ಲಿ ಓಡಾಟ. ಎಂ.ಎಸ್ಸಿ. ಎಂದು ಕೇಳಿದಾಗಲೇ ನನ್ನ ಎದೆಯಲ್ಲಿ ಏನೋ ಸಣ್ಣಗೆ ಚುಚ್ಚಿತು, ನಾನು ಬಿ.ಎಸ್ಸಿ. ಬಿ.ಎಡ್. ತಾನೆ. ಆದರೂ ಮುಖದಲ್ಲಿ ನಗು ತಂದುಕೊಂಡು "ಒಳ್ಳೇದಾಯ್ತು" ಎಂದೆ.

ಮದುವೆಯ ನಂತರದ ಮೊದಲ ಭಾನುವಾರ ಅವಳು ಕಾಫಿ ತಂದಿಟ್ಟು, ಹೋಗದೆ ನಿಂತಳು. ಹಾಳೆ ನೋಡಿದಳು. "ಮಾವ, ವರ್ಗಮೂಲದ ತನಕ ನೋಡಿದ್ರೆ ಸಾಕಲ್ವಾ? ಅದಕ್ಕಿಂತ ಮುಂದೆ ಬೇಡ."

ಅಪ್ಪನ ಮುಖ ಅರಳಿತು. "ನೋಡಮ್ಮ, ಯಾರೂ ಹೇಳಿಕೊಡ್ದೇನೇ ಹೇಳ್ಬುಟ್ಲು!"

ಅಯ್ಯೋ, ಅದನ್ನು ನನ್ನ ಒಂಬತ್ತನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ. ಮೊದಲ ದಿನವೇ ನಾನೂ ಅಂದಿದ್ದೆ. ಆಗ ಅಪ್ಪ "ಹ್ಞೂಂ" ಎಂದಿದ್ದರು, ಅಷ್ಟೇ. ನನ್ನ ಪಾಲಿಗೆ ಹ್ಞೂಂ, ಅವಳ ಪಾಲಿಗೆ ಹೊಗಳಿಕೆ. ಕಾಫಿಗೆ ಸಕ್ಕರೆ ಜಾಸ್ತಿಯಾಗಿದೆ ಎಂದು ನಾನು ಹೇಳಿದೆ. ಸರಿಯಾಗಿಯೇ ಇತ್ತು.

ಅದಾಗಿ ಕೆಲವು ವಾರಕ್ಕೆ ನಾನು ಹೋದಾಗ ಹಾಳೆಯ ಮೂಲೆಯಲ್ಲಿ ಹೊಸ ಭಾಗಾಕಾರ ಕಂಡಿತು. ಅಕ್ಷರ ಅಪ್ಪನದಲ್ಲ, ನನ್ನದಲ್ಲ. ಅಂಕಿಗಳು ಅಚ್ಚು ಹಾಕಿದ ಹಾಗೆ ಒಂದರ ಕೆಳಗೊಂದು ನಿಂತಿದ್ದವು. 1999ರಿಂದ ಭಾಗಿಸಿ ಶೇಷ 283 ಎಂದು ಬರೆದಿತ್ತು. "ಅವಳಿಗೆ ಬುಧವಾರ ರಜ ಇತ್ತು, ಸುಮ್ನೆ ಒಂದು ಮಾಡಿದ್ಲು" ಎಂದರು ಅಪ್ಪ.

ನಾನು ತಾಳೆ ನೋಡಿದೆ. ನಿಜ ಹೇಳಬೇಕೆಂದರೆ ತಪ್ಪಿರಲಿ ಎಂದು ಬೇಡಿಕೊಳ್ಳುತ್ತ ನೋಡಿದೆ. 6862ರಿಂದ ಗುಣಿಸಿ 283 ಕೂಡಿದೆ. ಒಂದಂಕಿಯೂ ಆಚೀಚೆ ಇರಲಿಲ್ಲ. "ಇವಳ ಏಳು ನೋಡಿದ್ರೆ ಒಂದರ ಥರ ಕಾಣ್ಸುತ್ತೆ" ಎಂದೆ. ಅಪ್ಪ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅವತ್ತು ನಾನು 2003ನ್ನು ಎರಡು ಸಲ ತಪ್ಪು ಮಾಡಿ ಮೂರನೇ ಸಲಕ್ಕೆ ಶೇಷ 877 ತಂದೆ. ಊಟಕ್ಕೆ ನಿಲ್ಲದೆ ಹೊರಟುಬಂದೆ. ಮನೆಯಲ್ಲಿ ನನ್ನ ಗಂಡ ಎಲ್ಲ ಕೇಳಿಸಿಕೊಂಡು, "ಸವತಿ ಇಲ್ಲದ ಕೊರತೆ ನಿನಗೆ ಅಂತೂ ತೀರಿತಲ್ಲ" ಎಂದರು. ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ.

ಆಮೇಲೆ ಅವಳ ಅಕ್ಷರ ಹಾಳೆಯ ಮೇಲೆ ಕಾಣಲಿಲ್ಲ. ಭಾನುವಾರ ಅವಳು ಅಡುಗೆಮನೆಯಲ್ಲೇ ಇರುತ್ತಿದ್ದಳು. ಬುದ್ಧಿ ಬಂತು ಎಂದುಕೊಂಡೆ. ಆದರೂ ನೀರು ಕೊಡಲು ಬಂದಾಗ, ಒಗೆದ ಬಟ್ಟೆ ಹಿಡಿದು ಹಾಲ್ ದಾಟುವಾಗ, ಅವಳ ಕಣ್ಣು ಹಾಳೆಯ ಮೇಲೆ ಒಂದು ಗಳಿಗೆ ಬಿದ್ದು ಹೋಗುತ್ತಿತ್ತು. ನಾನು ಮೊಣಕೈ ಅಡ್ಡ ಇಡುತ್ತಿದ್ದೆ. ಪರೀಕ್ಷೆಯಲ್ಲಿ ಹೀಗೆ ಮಾಡುವ ಮಕ್ಕಳನ್ನು ಕಂಡರೆ ನಾನೇ ಬೈಯುತ್ತೇನೆ.

ಹಾಳೆ ಮುಚ್ಚಬಹುದು, ಉಳಿದದ್ದನ್ನು ಹೇಗೆ ಮುಚ್ಚುವುದು? ಅಪ್ಪನ ಯಾವ ಮಾತ್ರೆ ಊಟದ ಮೊದಲು, ಯಾವುದು ಆಮೇಲೆ ಎಂದು ಅವಳಿಗೆ ಗೊತ್ತಿತ್ತು. ಅಪ್ಪ "ನಿನ್ನೆ ಬಸ್ಸಲ್ಲಿ ಸೀಟ್ ಸಿಕ್ತಾ?" ಎಂದು ಅವಳನ್ನು ಕೇಳುವರು, ಅವಳು ಡ್ರೈವರನ ಅನುಕರಣೆ ಮಾಡಿ ಏನೋ ಹೇಳುವಳು, ಅಪ್ಪ ಹಲ್ಲು ಕಾಣುವ ಹಾಗೆ ನಗುವರು. ಕೈಯಲ್ಲಿ ಕಾಗದ ಇಲ್ಲ, ಪೆನ್ನಿಲ್ಲ, ಸುಮ್ಮಸುಮ್ಮನೆ ನಗು. ನನ್ನ ಪಾಲಿನ ನಗುವಿಗೆ ನಾನು ಎಂಟಂಕಿಯ ಸಂಖ್ಯೆ ಭಾಗಿಸಬೇಕಾಗಿತ್ತು. ಇವಳಿಗೆ ಅದು ಪುಕ್ಕಟೆ. ಹೊಟ್ಟೆಯಲ್ಲಿ ಬೆಂಕಿ ಬೀಳುವುದು ಎಂದರೇನು ಎಂದು ಆಗ ತಿಳಿಯಿತು. ಸಂಜೆ ಬೋಗಾದಿಗೆ ಹಿಂತಿರುಗುವಾಗ ದಾರಿಯುದ್ದಕ್ಕೂ ಅವಳ ಜೊತೆ ಮನಸ್ಸಿನಲ್ಲೇ ಜಗಳವಾಡುತ್ತ ಬರುತ್ತಿದ್ದೆ. ಎಲ್ಲ ಜಗಳದಲ್ಲೂ ನಾನೇ ಗೆಲ್ಲುತ್ತಿದ್ದೆ.

ಅವರೆಕಾಯಿ ಕಾಲ ಬಂದಿತ್ತು. ಆ ಭಾನುವಾರ ಅಮ್ಮ ಮತ್ತು ಅವಳು ಹಾಲಿನ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕಿ ಸಿಪ್ಪೆ ತೆಗೆಯುತ್ತಿದ್ದರು. ಅಪ್ಪ ಮತ್ತು ನಾನು ಎರಡು ಸಾವಿರದ ಏಳುನೂರ ಏಳರಲ್ಲಿದ್ದೆವು. ಶೇಷ 1052 ಬಂತು. "ಇದೂ ಇಲ್ಲ" ಎಂದರು ಅಪ್ಪ, ಸಂತೋಷವಾಗಿ. ನಾನು, "ಅಪ್ಪ, ನನಗೇನೋ ಇದು ಅವಿಭಾಜ್ಯವೇ ಅನ್ಸುತ್ತೆ. ಇಷ್ಟು ದೂರ ಬಂದ್ರೂ ಮುರೀಲಿಲ್ಲ ಅಂದ್ರೆ ಇನ್ನು ಮುರಿಯಲ್ಲ" ಎಂದೆ.

"ಮುರಿಯುತ್ತೆ ಅತ್ತಿಗೆ."

ಅವಳು ತಲೆ ಎತ್ತಿರಲಿಲ್ಲ. ಬೆರಳ ನಡುವಿನಿಂದ ಒಂದು ಅವರೆಬೇಳೆ ಜಾರಿ ಪಾತ್ರೆಗೆ ಬಿತ್ತು. "ಮೂರು ಸಾವಿರದ ಆರುನೂರ ಏಳಕ್ಕೆ ಮುರಿಯುತ್ತೆ. ಇನ್ನೊಂದು ಕಡೆ ಮೂರು ಸಾವಿರದ ಎಂಟುನೂರ ಮೂರು."

ಎಲ್ಲರಿಗಿಂತ ಮೊದಲು ನನ್ನ ಬಾಯಿಗೆ ಬಂದದ್ದು ಹೀಗೆ: "ಫೋನಲ್ಲಿ ನೋಡಿದ್ಯಾ?"

ಅವಳು ತಟ್ಟನೆ ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. ಕಿತ್ತುಕೊಂಡಳು ಎಂದೇ ಹೇಳುತ್ತೇನೆ, ತೆಗೆದುಕೊಂಡಳು ಎಂದರೆ ಸುಳ್ಳಾಗುತ್ತದೆ. "ಫೋನ್ ಯಾಕೆ ಬೇಕು? ಬಸ್ಸಲ್ಲಿ ಕೂತ್ಕೊಂಡು ಮಾಡ್ದೆ. ನೋಡಿ." ಎಂದು ಬರೆಯತೊಡಗಿದಳು.

ಅವಳು ಭಾಗಿಸಿರಲೇ ಇಲ್ಲ. ನಮ್ಮ ಸಂಖ್ಯೆಗಿಂತ ಸ್ವಲ್ಪ ದೊಡ್ಡದಾದ ವರ್ಗವನ್ನು ಹುಡುಕಿದ್ದಳು. 3704ರ ವರ್ಗ ಬರೆದು ಅದರಿಂದ ನಮ್ಮ ಸಂಖ್ಯೆ ಕಳೆದಳು. 2195 ಉಳಿಯಿತು, ಅದು ಯಾವುದರ ವರ್ಗವೂ ಅಲ್ಲ. ಮುಂದಿನದು 3705. ಅದರ ವರ್ಗ 13727025. ಅದರಿಂದ ಕಳೆದರೆ ಉಳಿದದ್ದು 9604. "ತೊಂಬತ್ತೆಂಟರ ವರ್ಗ" ಎಂದಳು. ಎರಡು ವರ್ಗಗಳ ವ್ಯತ್ಯಾಸವಾದರೆ ಮುಗಿಯಿತು, ಒಂದು ಸಲ ಕಳೆದು ಒಂದು ಸಲ ಕೂಡಿದರೆ ಎರಡು ಅಪವರ್ತನಗಳೂ ಸಿಕ್ಕಿಬಿಡುತ್ತವೆ. 3705ರಲ್ಲಿ 98 ಕಳೆದರೆ 3607. ಕೂಡಿದರೆ 3803. ಅವಳು ಎರಡನೇ ಪ್ರಯತ್ನದಲ್ಲೇ ಅಲ್ಲಿಗೆ ಮುಟ್ಟಿದ್ದಳು.

ಎ ವರ್ಗ ಮೈನಸ್ ಬಿ ವರ್ಗ. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಪೆಟ್ಟಿಗೆ ಹಾಕಿ, ಮಕ್ಕಳಿಂದ ಹತ್ತು ಸಲ ಬರೆಸುವವಳು ನಾನು. ಅದನ್ನು ಪರೀಕ್ಷೆಗೆ ಇರುವ ಸೂತ್ರ ಎಂದುಕೊಂಡಿದ್ದೆನೇ ಹೊರತು ಅದರಿಂದ ಏನನ್ನಾದರೂ ಹುಡುಕಬಹುದು ಎಂದು ಒಮ್ಮೆಯೂ ನೆನಪಾಗಿರಲಿಲ್ಲ. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅಪ್ಪ ಈಗ ತೊಡೆ ತಟ್ಟುತ್ತಾರೆ, ಹೇಳ್ಬುಟ್ಲು ಎನ್ನುತ್ತಾರೆ, ಆ ಗುಟ್ಟಿನ ನಗು ನನ್ನ ಕಣ್ಣೆದುರಿಗೇ ಅವಳ ಪಾಲಾಗುತ್ತದೆ ಎಂದು ಕಾದು ಕೂತೆ.

ಅಪ್ಪ ನಗಲಿಲ್ಲ. ಪೆನ್ನಿನ ಕ್ಯಾಪು ಹುಡುಕಿ, ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಮುಚ್ಚಿ ಮೇಜಿನ ಮೇಲಿಟ್ಟರು. "ಯಾಕಮ್ಮ ಹೇಳ್ಬುಟ್ಟೆ?" ಎಂದರು. ಅಷ್ಟೇ.

ನಾನು ತಾಳೆಗಾಗಿ ಕಾಯುತ್ತಿದ್ದೆ. ಅಪ್ಪ ಹಾಳೆಯನ್ನು ಹತ್ತಿರಕ್ಕೂ ಎಳೆದುಕೊಳ್ಳಲಿಲ್ಲ. ಕೊನೆಗೆ ನಾನೇ 3607ನ್ನು 3803ರಿಂದ ಗುಣಿಸಿದೆ. 13717421. ಗುಣಿಸುತ್ತಿರುವಾಗಲೇ ನನಗೆ ಹೊಳೆಯಿತು. ಡಾಕ್ಟರ ಮಾತಿಗೂ ತಾಳೆ ನೋಡುವ ಮನುಷ್ಯ ಈ ಎರಡು ಸಂಖ್ಯೆಗಳನ್ನು ಕೇಳಿದ ಕೂಡಲೇ ನಂಬಿಬಿಟ್ಟಿದ್ದರು.

"ಅಪ್ಪ, ನಿಮಗೆ ಮೊದಲೇ ಗೊತ್ತಿತ್ತಾ?"

ಅಪ್ಪ ಅವರೆಬೇಳೆಯ ಪಾತ್ರೆ ನೋಡುತ್ತಿದ್ದರು. ಉತ್ತರ ಕೊಟ್ಟವಳು ಅಮ್ಮ. "ಗೊತ್ತಿಲ್ದೇ ಇರ್ತದಾ? ನಿಂಗೆ ಫೋನ್ ಮಾಡೋ ಹಿಂದಿನ ದಿನ ಇದೇ ಮೇಜಿನ ಮೇಲೆ ಮುರಿದು, ಹಾಳೆ ಒಲೆಗೆ ಹಾಕು ಅಂದ್ರು. ನಮ್ಮನೇಲಿ ಒಲೆ ಎಲ್ಲಿದೆ ಕಣ್ರೀ, ಗ್ಯಾಸ್ ಇರೋದು ಅಂದೆ."

"ಮತ್ತೆ ನಾವು ಮಾಡಿದ ಇಷ್ಟೆಲ್ಲ ಭಾಗಾಕಾರ?"

"ಹೇಳಿದ್ರೆ ಅವತ್ತೇ ಮುಗ್ದೋಗ್ತಿತ್ತು" ಎಂದರು ಅಪ್ಪ. "ಮುಗಿದ್ಮೇಲೆ ಏನಂತ ಹೇಳಿ ಕರೀಲಮ್ಮ ನಿನ್ನ?"

ಸುಮ್ಮನೆ ಬಾ ಎಂದಿದ್ದರೆ ಬರುತ್ತಿದ್ದೆ ಎನ್ನಲು ಬಾಯಿ ತೆರೆದೆ. ಆ ಮಾತಿಗೆ ತಾಳೆ ನೋಡುವವರು ಎದುರಿಗೇ ಕೂತಿದ್ದರು. ಬಾಯಿ ಮುಚ್ಚಿದೆ.

ತಮ್ಮನ ಹೆಂಡತಿ ಅಲ್ಲಿರಲಿಲ್ಲ. ಅಡುಗೆಮನೆಗೆ ಹೋದಾಗ ನಲ್ಲಿ ಸುಮ್ಮನೆ ಹರಿಯುತ್ತಿತ್ತು, ಅವಳು ಸಿಂಕಿನ ಮುಂದೆ ನಿಂತಿದ್ದಳು. ಅಳುತ್ತಿದ್ದಾಳೆ ಎಂದು ಬೆನ್ನು ನೋಡಿಯೇ ತಿಳಿಯಿತು. ನಾನು ನಲ್ಲಿ ನಿಲ್ಲಿಸಿದೆ.

"ಮಾವಂಗೆ ಗೊತ್ತಿದೆ ಅಂತ ನಂಗೆ ಗೊತ್ತಿರ್ಲಿಲ್ಲ ಅತ್ತಿಗೆ, ಆಣೆ" ಎಂದಳು. "ನಂಗೆ ಹೊಟ್ಟೆ ಉರೀತಿತ್ತು, ಅದಕ್ಕೇ ಹೇಳ್ಬುಟ್ಟೆ."

"ನಿಂಗಾ? ಯಾಕೆ?"

"ಯಾಕೆ ಅಂದ್ರೆ? ಭಾನುವಾರ ಆಯ್ತು ಅಂದ್ರೆ ನೀವಿಬ್ರು ಮೇಜು ಹಿಡ್ಕೊಂಡು ಕೂತ್ಬುಡ್ತೀರ. ನಾನೂ ಲೆಕ್ಕ ಓದಿರೋಳೇ. ಆವತ್ತು ಒಂದೇ ಒಂದು ಭಾಗಾಕಾರ ಮಾಡಿದ್ದಕ್ಕೆ ಮಾವ ಏನಂದ್ರು ಗೊತ್ತಾ? 'ಇನ್ಮೇಲೆ ಬೇಡ ಕಣಮ್ಮ, ಅದು ಅವಳದು' ಅಂದ್ರು. ನಮ್ಮಪ್ಪ ಬದುಕಿದ್ದಾಗ್ಲೂ ಇದು ಇವಳದು ಅಂತ ನಂಗೆ ಏನನ್ನೂ ಎತ್ತಿಟ್ಟವರಲ್ಲ. ಬಸ್ಸಲ್ಲಿ ಹೋಗ್ತಾ ಬರ್ತಾ ಅದೇ ಸಂಖ್ಯೆ ತಲೇಲಿ ತಿರುಗ್ತಿತ್ತು. ಒಂದ್ಸಲ ನನ್ನೂ ಕರೀಲಿ ಅಂತಿದ್ದೆ."

ಇಂಥ ಹೊತ್ತಿನಲ್ಲಿ ದೊಡ್ಡವಳಾದವಳು ಅವಳನ್ನು ತಬ್ಬಿಕೊಳ್ಳಬೇಕು, ಕಣ್ಣೊರೆಸಬೇಕು. ನನಗೆ ಮೊದಲು ಆದದ್ದು ಖುಷಿ. ನಾಚಿಕೆಯಿಲ್ಲದ, ಉಕ್ಕಿ ಬಂದ ಖುಷಿ. ಅದು ಅವಳದು ಎಂದರಂತೆ ಅಪ್ಪ! ನಾನು ಯಾರನ್ನು ಕಂಡು ಉರಿದೆನೋ ಅವಳು ನನ್ನನ್ನು ಕಂಡು ಉರಿದಿದ್ದಳು. ಎಂ.ಎಸ್ಸಿ. ಓದಿದವಳು, ಮಾತ್ರೆ ಗೊತ್ತಿರುವವಳು, ಪುಕ್ಕಟೆ ನಗು ಪಡೆಯುವವಳು. ಆ ಖುಷಿ ಸ್ವಲ್ಪ ಇಳಿದ ಮೇಲೆ ಅವಳ ಕೈಗೆ ಟವೆಲ್ ಕೊಟ್ಟು, "ಮುಖ ಒರ್ಸ್ಕೊ, ಸಾರಿಗೆ ಉಪ್ಪು ಜಾಸ್ತಿ ಆಗುತ್ತೆ" ಎಂದೆ. ಅವಳು ಅಳುತ್ತಲೇ ನಕ್ಕಳು.

ಮುಂದಿನ ಭಾನುವಾರ ಕರೆಯದೆಯೇ ಹೋದೆ. ಅಪ್ಪ ಅದೇ ಇಸ್ತ್ರಿ ಶರಟಿನಲ್ಲಿ ಮೇಜಿನ ಮುಂದೆ ಇದ್ದರು. ಮೇಜಿನ ಮೇಲೆ ಏನೂ ಇರಲಿಲ್ಲ. "ಊಟ ಆಯ್ತಾ?" ಎಂದರು. ಬೆಳಿಗ್ಗೆ ಒಂಬತ್ತು ಗಂಟೆ. "ತಿಂಡಿ ಆಯ್ತು" ಎಂದೆ. ಆಮೇಲೆ ಇಬ್ಬರೂ ಕಿಟಕಿ ನೋಡಿದೆವು. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. ನಾನು ಶಾಲೆಯ ವಿಷಯ ಏನೋ ಹೇಳಿದೆ, ಅವರು ಹ್ಞೂಂ ಎಂದರು. ಅವರ ಬೆರಳು ಖಾಲಿ ಮೇಜಿನ ಮೇಲೆ ಏನನ್ನೋ ಗೀಚುತ್ತಿತ್ತು. ಅಷ್ಟರಲ್ಲಿ ತಮ್ಮನ ಹೆಂಡತಿ ಬಂದು, "ಮಾವ, ಬೆಳಗಿನ ಮಾತ್ರೆ ಮರ್ತ್ಬುಟ್ರಿ" ಎಂದಳು. "ಮರೆತಿಲ್ಲ, ಬೇಕಂತ ಬಿಟ್ಟೆ, ಕಹಿ" ಎಂದರು ಅಪ್ಪ. "ಕಹಿ ಅಂದ್ರೆ ಬಿಪಿ ಕೇಳಲ್ಲ" ಎಂದಳು. ಇಬ್ಬರೂ ನಕ್ಕರು. ಎಷ್ಟು ಸಲೀಸು! ನನಗೆ ಮತ್ತೆ ಹೊಟ್ಟೆಯಲ್ಲಿ ಉರಿ ಎದ್ದಿತು, ಹಿಂದಿನದಕ್ಕಿಂತ ಜೋರಾಗಿ. ಅವಳನ್ನು ಆ ಮನೆಯಲ್ಲಿ ಕೂರಿಸಲು ಅಪ್ಪನಿಗೆ ಯಾವ ಸಂಖ್ಯೆಯೂ ಬೇಕಾಗಿರಲಿಲ್ಲ. ನನಗೆ ಮಾತ್ರ ಬೇಕಾಗಿತ್ತು.

ಎದ್ದು ಹೋಗಿ ಗೋಡೆಯ ಮೇಲಿದ್ದ ಕ್ಯಾಲೆಂಡರಿನಿಂದ ಹಳೆಯ ಹಾಳೆ ಹರಿದು ತಂದೆ. ಮಗುಚಿ ಅಪ್ಪನ ಮುಂದೆ ಹಾಸಿದೆ. "ಇನ್ನೊಂದು ಕೊಡಿ ಅಪ್ಪ."

"ಮತ್ತೆ ಭಾಗಿಸೋದಾ?"

"ಹ್ಞೂಂ. ಉತ್ತರ ಗೊತ್ತಿದ್ರೂ ಹೇಳ್ಬೇಡಿ."

ಅಪ್ಪ ನನ್ನ ಮುಖವನ್ನೇ ನೋಡಿದರು. ಆಮೇಲೆ ಪೆನ್ನು ತೆಗೆದು ಎಡಗಡೆಯಿಂದ ಬರೆಯಲು ಶುರು ಮಾಡಿದರು. ಈಚೆಗೆ ಅವರ ಕೈ ಸ್ವಲ್ಪ ನಡುಗುತ್ತದೆ, ಎಂಟು ಬರೆಯುವಾಗ ಹೆಚ್ಚು. ತಮ್ಮನ ಹೆಂಡತಿ ಮಾತ್ರೆ ನುಂಗಿಸಿದ ಲೋಟ ಹಿಡಿದುಕೊಂಡೇ ನಿಂತಿದ್ದಳು. "ಕೊನೇಲಿ ಐದು ಹಾಕ್ಬೇಡಿ ಮಾವ, ಒಂದೇ ಏಟಿಗೆ ಮುರಿದೋಗುತ್ತೆ" ಎಂದಳು. ಅದನ್ನೇ ಹೇಳಬೇಕೆಂದು ನಾನು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವಳು ಹೇಳಿಬಿಟ್ಟಳು. ಮುಖ ಸಿಂಡರಿಸಿಕೊಂಡೇ ಪಕ್ಕದ ಕುರ್ಚಿಯನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದೆ. ಅವಳು ಕೂತಳು.

ಅಪ್ಪ ಬರೆಯುತ್ತ ಬರೆಯುತ್ತ ಹಾಳೆಯ ಅಂಚಿಗೆ ಬಂದಿದ್ದರು. ಇಷ್ಟನ್ನು ಭಾಗಿಸಿ ಮುಗಿಸಲು ಎಷ್ಟು ವರ್ಷ ಬೇಕು ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಅವರ ವಯಸ್ಸೂ ಗೊತ್ತಿತ್ತು. ಅವರು ಪೆನ್ನು ಎತ್ತಿ, "ಸಾಕಾ?" ಎಂದು ನನ್ನನ್ನು ಕೇಳಿದರು.

"ಇನ್ನೂ ಹಾಕಿ ಅಪ್ಪ" ಎಂದೆ.